ಬಾಲ್ಕನಿಯ ಕೆಳಗೆ ನಿಂತ ಡಾಕ್ಟರಮ್ಮ

ಅವರ ಮೂಗಿನ ಮೇಲೆ, ಕನ್ನಡಕ ಕೂರುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಬಿಗಿ ಮಾಸ್ಕಿನ ಅಂಚು ಕೊರೆದ ಕಪ್ಪು ಗೆರೆಯಿತ್ತು. ಹೊರಗೆ ಬಂದು ಬಟ್ಟೆಯ ಮಾಸ್ಕ್ ಹಾಕಿಕೊಂಡಾಗ ಅದು ಮೇಲೆ ಇಣುಕುತ್ತಿತ್ತು. ಅದರ ಕೆಳಗಿನ ಮುಖವನ್ನು ನಾನು ನೋಡಲೇ ಇಲ್ಲ. ನೋಡಿದ ಹಾಗೆ ಕೆಲವೊಮ್ಮೆ ಅನ್ನಿಸುತ್ತದೆ. ಆ ಬಾಯಿ, ಗಲ್ಲ ನಾನೇ ಸೇರಿಸಿಕೊಂಡದ್ದಿರಬೇಕು.

ಮೊದಲ ಲಾಕ್‌ಡೌನಿನಲ್ಲಿ, ಅಮ್ಮ ಎಲೆಅಡಿಕೆ ಇಟ್ಟುಕೊಳ್ಳುತ್ತಿದ್ದ ಎಡಗೆನ್ನೆಯಲ್ಲೇ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಬಾಯಿಯ ಆಪರೇಷನ್ ಎಂದರೆ ರೋಗಿಯ ಉಸಿರಿಗೆ ಮುಖವೊಡ್ಡಿ ನಿಲ್ಲುವ ಕೆಲಸ. ಹೋದ ಕಡೆಯೆಲ್ಲ ಕಾಯಿರಿ ಎಂದರು. ಚಾಮರಾಜಪೇಟೆಯ ನಮ್ಮ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದ ಈ ಡಾಕ್ಟರಮ್ಮ ಮಾತ್ರ, "ಗಡ್ಡೆಗೆ ಲಾಕ್‌ಡೌನ್ ಗೊತ್ತಿಲ್ವಲ್ಲ" ಎಂದರು.

ಗಡ್ಡೆ ತೆಗೆದ ಜಾಗದಲ್ಲಿ ಹೊಸ ಕೆನ್ನೆ ಕಟ್ಟಬೇಕಿತ್ತು. ಬೇರೆ ಕಾಲವಾಗಿದ್ದರೆ ಮುಂಗೈಯ ತೆಳು ಚರ್ಮ ತಂದು, ಸಣ್ಣ ರಕ್ತನಾಳಗಳನ್ನು ಜೋಡಿಸುತ್ತ ದಿನವಿಡೀ ಕೂರುತ್ತಿದ್ದರಂತೆ. ಈಗ ಎದೆಯ ಮಾಂಸವನ್ನೇ ಕತ್ತಿನ ಚರ್ಮದಡಿಯಿಂದ ಮೇಲಕ್ಕೆ ತಂದು ಹೊಲಿಯುವುದು. ಬೇಗ ಮುಗಿಯುತ್ತದೆ, ಒಳಗೆ ಕಡಿಮೆ ಜನ ಸಾಕು. ಕೆನ್ನೆ ದಪ್ಪಗಾಗುತ್ತದೆ, ಕತ್ತಿನಲ್ಲಿ ಉಬ್ಬು ಉಳಿಯುತ್ತದೆ ಎಂದು ಮುಚ್ಚಿಡದೆ ಹೇಳಿದರು.

"ಅಂದ ಸ್ವಲ್ಪ ಕಮ್ಮಿಯಾಗತ್ತೆ ಅಮ್ಮಾ. ಆದ್ರೆ ಒಳಗೆ ಬಂದವ್ರೆಲ್ಲ ವಾಪಸ್ ಮನೆಗೆ ಹೋಗ್ಬೇಕು. ನೀವೂ ಸೇರಿ."

ಅಮ್ಮ ಅತ್ತಳು. ಆಮೇಲೆ ಒಪ್ಪಿದಳು.

ಹೊಲಿಗೆ ಬಿಚ್ಚಿಸಲು ಮತ್ತೆ ಆಸ್ಪತ್ರೆಗೆ ಬರುವುದು ಬೇಡವೆಂದು ಕರಗುವ ದಾರದಲ್ಲೇ ಹೊಲಿದಿದ್ದರು. ಬದಲಿಗೆ ಸಂಜೆ ಮನೆಗೆ ಹೋಗುವಾಗ ನಮ್ಮ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿ, ಕೆಳಗಿನಿಂದಲೇ ಕತ್ತೆತ್ತಿ ನೋಡುವರು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಅಮ್ಮ ಸೆರಗು ಸರಿಸಿ ಬಾಯಿ ತೆರೆಯಬೇಕು, ನಾನು ಟಾರ್ಚ್ ಹಿಡಿಯಬೇಕು. ಕನ್ನಡಿಯನ್ನೂ ಸೆರಗಿನ ಮರೆಯಿಂದ ನೋಡುತ್ತಿದ್ದ ಅಮ್ಮ, ಎದುರುಮನೆಯವರು ಕಿಟಕಿಗೆ ಬಂದರೆಂದು ಹಿಂಜರಿದಳು.

"ನೋಡ್ಲಿ ಬಿಡಿ, ನಾನು ಹೊಲಿದಿದ್ದನ್ನ ನಾಲ್ಕು ಜನ ನೋಡ್ಬಾರ್ದಾ? ಇನ್ನೂ ಅಗಲ, ಅಮ್ಮಾ. ಇಷ್ಟಕ್ಕೆ ಇಡ್ಲಿ ತುಂಡೂ ಹೋಗಲ್ಲ."

ಆ ಮಳೆಗಾಲವೆಲ್ಲ ಅವರು ಬರುತ್ತಿದ್ದರು ಎಂದು ನನ್ನ ನೆನಪು. ಅಮ್ಮ ಅಲ್ಲ ಎನ್ನುತ್ತಾಳೆ. ಬಂದದ್ದು ಕೆಲವೇ ಸಲವಂತೆ.

ಎರಡನೆಯ ಅಲೆಯಲ್ಲಿ ಅವರಿಗೇ ಸೋಂಕು ತಗುಲಿತು. ತೀರಿಹೋದ ಸುದ್ದಿಯನ್ನು ವಾರ್ಡಿನ ಸಿಸ್ಟರ್ ಫೋನಿನಲ್ಲಿ ತಿಳಿಸಿದರು. ಎಲ್ಲರನ್ನೂ ಮನೆಗೆ ಕಳಿಸಿದವರು ತಾವು ಮನೆಗೆ ಹೋಗಲಿಲ್ಲ ಎಂದು ಬರೆಯಹೋದೆ. ಅವರ ಮನೆ ಎಲ್ಲಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಓಡಾಟ ಸಲೀಸಾದ ಮೇಲೆ ಆಸ್ಪತ್ರೆಗೆ ಹೋದೆವು. ಹಾರ ಹಾಕಿದ ಫೋಟೋದಲ್ಲಿ ಹಲ್ಲು ಸ್ವಲ್ಪ ಮುಂದಿದ್ದ ಹೆಂಗಸೊಬ್ಬರು ನಗುತ್ತಿದ್ದರು. ನನಗೆ ಗುರುತು ಹತ್ತಲಿಲ್ಲ. ಅಮ್ಮ ಅಂಗೈಯಿಂದ ಆ ನಗುವನ್ನು ಮುಚ್ಚಿದಳು. ಕಣ್ಣುಗಳು ಉಳಿದವು.

"ಇವ್ರೇ ಕಣೋ."

ಆಮೇಲೆ ಕೈ ತೆಗೆದು, ತನ್ನ ಮಾಸ್ಕ್ ಇಳಿಸಿ, ಫೋಟೋದ ಮುಂದೆ ಬಾಯಿ ತೆರೆದು ನಿಂತಳು. ಜನ ತಿರುಗಿ ನೋಡಿದರು. ಅಮ್ಮ ಸೆರಗು ಎಳೆದುಕೊಳ್ಳಲಿಲ್ಲ. ಇನ್ನೂ ಅಗಲ ಎನ್ನಲು ಯಾರೂ ಇರಲಿಲ್ಲ.