ವಾಮಂಜೂರಿನ ನಲವತ್ತೊಂದು ಹೆಸರು

ಎಂಬತ್ತೆಂಟರ ಡೈರಿಯಲ್ಲಿ, ಜುಲೈ ತಿಂಗಳ ಒಂದು ಶನಿವಾರದ ಪುಟದಲ್ಲಿ ಹೀಗಿದೆ: "ವಾಮಂಜೂರು. ಮಧ್ಯಾಹ್ನ 2.20. ಹೊಸ ಹೆಸರು 41." ಆಗ ನನಗೆ ಇಪ್ಪತ್ತೊಂದು ವರ್ಷ.

ನನಗೆ ಕೆಲಸವಿದ್ದದ್ದು ಹಂಪನಕಟ್ಟೆಯ ಒಂದು ಗ್ಯಾಸ್ ಏಜೆನ್ಸಿಯಲ್ಲಿ. ಹೊಸ ಕನೆಕ್ಷನ್ನಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವವರ ಪೂರ್ತಿ ಪಟ್ಟಿ ನಮ್ಮ ಕಂಪ್ಯೂಟರಿನಲ್ಲಿ, ಅದರ ನಕಲು ವಾಮಂಜೂರು ಶಾಖೆಯ ಕಂಪ್ಯೂಟರಿನಲ್ಲಿ. ಇವೆರಡನ್ನೂ ಹೊಂದಿಸಲು ಇದ್ದದ್ದು ಸಿಟಿ ಬಸ್ಸು, ಎರಡು ಫ್ಲಾಪಿ ಮತ್ತು ನಾನು. ಪ್ರತಿ ಶನಿವಾರ ಶಾಖೆಯ ಹೊಸ ಹೆಸರುಗಳನ್ನು ಎಣಿಸಿ, ಮೊದಲು ಖಾಲಿ ಫ್ಲಾಪಿಗೆ ಇಳಿಸಿಕೊಳ್ಳಬೇಕು. ಆಮೇಲೆ ನಾನು ತಂದ ಪಟ್ಟಿಯನ್ನು ಅಲ್ಲಿನ ಪಟ್ಟಿಯ ಮೇಲೆ ಹಾಕಬೇಕು. ಹಿಂದುಮುಂದಾದರೆ ಆ ವಾರದ ಹೆಸರುಗಳು ಅಳಿಸಿಹೋಗುತ್ತವೆ.

ಆ ದಿನ ಹಿಂದುಮುಂದಾಯಿತು. ಮೂರು ಗಂಟೆಯ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ನಾನು ತಂದ ಫ್ಲಾಪಿಯನ್ನೇ ಮೊದಲು ಹಾಕಿದೆ. ಬಸ್ಸು ಕುಲಶೇಖರ ದಾಟುವಾಗ ತಪ್ಪು ಹೊಳೆಯಿತು. ಇಳಿಯಲಿಲ್ಲ.

ಸೋಮವಾರ ಏಜೆನ್ಸಿಯ ಮಾಲೀಕರು, ನಮ್ಮ ಧನಿಗಳು, ಶಾಖೆಯ ಗುಮಾಸ್ತರನ್ನು ಹಂಪನಕಟ್ಟೆಗೆ ಕರೆಸಿದರು. ಅವರಿಗೆ ಐವತ್ತು ದಾಟಿತ್ತು. ಮೀನುಗಾರರ ಮನೆಯವರು; ಆ ಮನೆಯಲ್ಲಿ ಕಡಲಿಗೆ ಹೋಗದೆ ಕುರ್ಚಿಯಲ್ಲಿ ಕುಳಿತ ಮೊದಲಿಗರು. ಅವರ ರಸೀದಿ ಪುಸ್ತಕದಲ್ಲಿ ನಲವತ್ತೊಂದು ಚೀಟಿ ಹರಿದಿತ್ತು. ಎರಡೂ ಕಂಪ್ಯೂಟರಿನಲ್ಲಿ ಅವುಗಳ ಒಂದು ಹೆಸರೂ ಇರಲಿಲ್ಲ.

"ಎಂತ ಮಾರಾಯ, ನಿನ್ನ ಬಲೆ ತೂತಾ? ನಲ್ವತ್ತೊಂದೂ ನುಸುಳಿ ಹೋಯ್ತಾ?" ಎಂದರು ಧನಿ.

ಗುಮಾಸ್ತರನ್ನು ಬಿಟ್ಟು ಆಫೀಸಿನಲ್ಲಿ ಆರು ಜನ ಇದ್ದೆವು. ನಕ್ಕವರು ಆರು.

"ನಾನು ಹಾಕಿದ್ದೇನೆ ಧನಿ. ಒಂದೊಂದೇ ಹಾಕಿದ್ದೇನೆ."

"ಹಾಕಿದ್ರೆ ಇರ್ಬೇಕಲ್ಲ? ಮಿಶನ್ನಿಗೆ ನಿನ್ನ ಮೇಲೆ ಹಗೆ ಉಂಟಾ? ಹೆಸರು ಎಲ್ಲಿ ಹೋಯ್ತು ಅಂತ ಶನಿವಾರದೊಳಗೆ ತೋರಿಸು. ಇಲ್ಲದಿದ್ರೆ ಬರ್ಬೇಡ."

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗುಮಾಸ್ತರು ನನಗಾಗಿ ಕಾಯುತ್ತಿದ್ದರು.

"ಮಗಾ, ಆ ದಿನ ನೀನು ಹೆಸರು ಎಣಿಸಿದ್ದಿ ಅಲ್ವಾ? ಎಲ್ಲವನ್ನೂ ನಿನ್ನ ಪುಸ್ತಕದಲ್ಲಿ ಬರೀತೀಯಲ್ಲ ಮಾರಾಯ್ತಿ. ಒಮ್ಮೆ ನೋಡು."

ಡೈರಿ ನನ್ನ ಚೀಲದಲ್ಲೇ ಇತ್ತು.

"ಆ ದಿನ ಬರೀಲಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಿಮಗೆ ಸೇವ್ ಮಾಡ್ಲಿಕ್ಕೆ ಮರ್ತು ಹೋಗಿರ್ಬೇಕು. ವಯಸ್ಸಾಯ್ತಲ್ಲ" ಎಂದೂ ಸೇರಿಸಿದೆ.

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಇರ್ಬಹುದು," ಎಂದರು. "ನನಗೇ ಈಗ ಸಂಶಯ."

ಶನಿವಾರ ಅವರು ಧನಿಗಳ ಮೇಜಿನ ಮುಂದೆ ನಿಂತು, ತಪ್ಪು ತನ್ನದೇ, ಸೇವ್ ಮಾಡಲು ಮರೆತೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡರೆ ಕೆಲಸ ಉಳಿಯಬಹುದು ಎಂದುಕೊಂಡಿದ್ದರು.

"ಇಷ್ಟು ಹೇಳ್ಲಿಕ್ಕೆ ಒಂದು ವಾರ ಬೇಕಾಯ್ತಾ?" ಎಂದ ಧನಿ ಶಾಖೆಯ ಬೀಗದ ಕೈಗಾಗಿ ಕೈ ಚಾಚಿದರು. ಗುಮಾಸ್ತರು ಅದನ್ನು ಸೊಂಟದ ದಾರದಿಂದ ಬಿಚ್ಚಲು ತುಂಬಾ ಹೊತ್ತು ತೆಗೆದುಕೊಂಡರು. ಯಾರೋ ಮತ್ತೆ ನಕ್ಕರು. ಈ ಸಲ ನಾನು ಎಣಿಸಲಿಲ್ಲ.

ಸೋಮವಾರ ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಕೀಬೋರ್ಡಿನ ಪಕ್ಕದ ಗೋಡೆಗೆ, ಯಾವುದಾದ ಮೇಲೆ ಯಾವುದನ್ನು ಒತ್ತಬೇಕೆಂದು ಅವರೇ ಬರೆದು ಅಂಟಿಸಿದ ಕಾಗದವಿತ್ತು. ಕೊನೆಯ ಸಾಲು: "ಸೇವ್ ಆಯಿತಾ? ಎರಡು ಸಲ ನೋಡುವುದು." ಅದರ ಮುಂದೆ ಪ್ರತಿ ದಿನಕ್ಕೂ ಎರಡೆರಡು ಗೀಟು ಎಳೆದಿದ್ದರು. ಹೆಸರು ಅಳಿಸಿಹೋದ ವಾರದವೂ ಇದ್ದವು.

ಕಾಗದ ಕಿತ್ತು ಬುಟ್ಟಿಗೆ ಹಾಕಿದೆ. ರಸೀದಿ ಪುಸ್ತಕದಲ್ಲಿ ಉಳಿದ ಪ್ರತಿಗಳನ್ನು ನೋಡಿಕೊಂಡು ಹೆಸರುಗಳನ್ನು ಒಂದೊಂದಾಗಿ ಮತ್ತೆ ಹಾಕಿ, ಎಣಿಸಿ, ಡೈರಿಯಲ್ಲಿ ಬರೆದೆ: "ವಾಮಂಜೂರು. 41. ಸರಿ ಉಂಟು."