ಕಪಿಲಿ ಹಾಡು ನಿಂತ ಜಾಗ

ಕಪಾಟು ಸರಿಸುವಾಗ ಸಿಕ್ಕಿದ ಕ್ಯಾಸೆಟ್ಟಿಗೆ ಇನ್ನೂ ನುಸಿಗುಳಿಗೆಯ ವಾಸನೆ. ಮೇಲೆ ನೀಲಿ ಶಾಯಿಯ ದುಂಡನೆಯ ಅಕ್ಷರ: 'ಗಾದಿಗನೂರು, ಕಪಿಲಿ ಬಾವಿ, ಬೆಳಿಗ್ಗೆ.' ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ಕೈಬರಹ.

ನಾನಾಗ ಕಮಲಾಪುರದಲ್ಲಿ ಹೊಸದಾಗಿ ಲೆಕ್ಕದ ಮೇಷ್ಟ್ರಾಗಿ ಸೇರಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ವಿಜ್ಞಾನದ ಮೇಷ್ಟ್ರೋ, ಭಾನುವಾರ ಬಂತೆಂದರೆ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಸದ್ದು ಹಿಡಿಯಲು ಹೊರಡುವವರು. ತೂಬಿನಿಂದ ಗದ್ದೆಗೆ ಬೀಳುವ ನೀರು, ಭತ್ತಕ್ಕೆ ಬಂದ ಹಕ್ಕಿ ಓಡಿಸುವ ಹೆಂಗಸರ ಕೂಗು, ಸಂಡೂರಿನ ಅದಿರು ಲಾರಿ, ಎಲ್ಲವನ್ನೂ ಟೇಪಿಗೆ ಹಿಡಿದು, ಯಾವ ವೇಳೆ, ಯಾವ ಜಾಗ ಎಂದು ಬರೆದಿಡುತ್ತಿದ್ದರು. ಊರು ನಗುತ್ತಿತ್ತು, ನಾನೂ ನಕ್ಕಿದ್ದೇನೆ. ಆದರೂ ರೂಮಿನಲ್ಲಿ ಒಬ್ಬನೇ ಇರಲಾರದೆ ಜೊತೆಗೆ ಹೋಗುತ್ತಿದ್ದೆ.

ಅವರಿಗೆ ಬೇಕಿದ್ದದ್ದು ಒಂದೇ ಒಂದು ಪೂರ್ತಿ ಕಪಿಲಿ ಹಾಡು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಚರ್ಮದ ಚೀಲದಲ್ಲಿ ಬಾವಿಯ ನೀರೆಳೆಯುವಾಗ, ಹಗ್ಗದ ಮೇಲೆ ಕೂತವನು ಹಾಡುವ ಪದ. ಕಾಲುವೆ, ಪಂಪ್‌ಸೆಟ್ಟು ಬಂದ ಮೇಲೆ ನಮಗೆ ಗೊತ್ತಿದ್ದಂತೆ ಕಪಿಲಿ ಹೊಡೆಯುವವರು ಉಳಿದಿದ್ದು ಗಾದಿಗನೂರಿನ ಒಬ್ಬ ಅಜ್ಜ ಮಾತ್ರ. ಅವರ ಹೊಲಕ್ಕೂ ಆಗಲೇ ಕರೆಂಟಿನ ಕಂಬ ನೆಟ್ಟಾಗಿತ್ತು.

ಆ ಬೆಳಿಗ್ಗೆ ಅಜ್ಜ ಹಾಡತೊಡಗಿದರು. ಬಾವಿಯ ಮೇಲಿನ ಹಗ್ಗದ ಗಾಲಿ ಕಿರುಗುಟ್ಟಿತು, ನೀರು ದಬಕ್ಕನೆ ಸುರಿಯಿತು... ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ನನಗೆ ಹೊಸಪೇಟೆಯ ಮ್ಯಾಟಿನಿ ಶೋ ಚಿಂತೆ. ದೂರದಲ್ಲಿ ಹಾರ್ನ್ ಕೇಳಿದ್ದೇ ತಡ, ಕೂಗಿಬಿಟ್ಟೆ: "ಸಾರ್, ಬಸ್ ಬಂತ್ರಿ!"

ಅಜ್ಜ ಹಾಡು ನಿಲ್ಲಿಸಿ ಎತ್ತು ತಡೆದರು. "ಜಲ್ದಿ ಹೋಗ್ರಿಯಪ್ಪಾ. ನನ್ ಸಲುವಾಗಿ ಬಸ್ ತಪ್ಪಿಸ್ಕೊಬ್ಯಾಡ್ರಿ."

ಮೇಷ್ಟ್ರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಹೊರಟವರನ್ನು ತಡೆಯಬಾರದು ಎಂಬುದು ಅಜ್ಜನ ಹಟ. "ಮುಂದಿನ ವಾರ ಬರ್ರಿ, ಬೇಕಾದಷ್ಟು ಹಾಡ್ತೀನಿ" ಎಂದು ನಮ್ಮನ್ನು ರಸ್ತೆಯವರೆಗೂ ಕಳಿಸಿಕೊಟ್ಟರು.

ಮುಂದಿನ ವಾರ ಹೋದರೆ ಬಾವಿಯ ಮೇಲೆ ಮೋಟರು. ಎತ್ತು ಮಾರಿದ್ದರು. "ಹಂಗ ಹಾಡ್ರಿ ಅಜ್ಜಾ" ಎಂದು ಮೇಷ್ಟ್ರು ಟೇಪ್ ಮುಂದಿಟ್ಟರು. ಅಜ್ಜ ಎರಡು ಸಲ ಗಂಟಲು ಸರಿಮಾಡಿಕೊಂಡರು. "ಎತ್ತು ಮುಂದಿಲ್ದ ಪದ ಬಾಯಿಗೆ ಬರವಲ್ದ್ರಿ" ಅಂದರು.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ಗವಾಗಿ ಹೋಗುವಾಗ ಈ ಕ್ಯಾಸೆಟ್ ನನ್ನ ಕೈಗಿಟ್ಟರು, ಅಷ್ಟೆ. ಅವರು ತೀರಿಕೊಂಡ ಸುದ್ದಿ ಬಂದೂ ವರ್ಷಗಳಾದವು. ತಪ್ಪಾಯಿತು ಸಾರ್ ಎಂಬ ಒಂದು ಮಾತು ನನ್ನಿಂದ ಆಗಲಿಲ್ಲ.

ಇವತ್ತು ಹಾಕಿ ಕೇಳಿದೆ. ಗಾಲಿ, ನೀರು, ಅಜ್ಜನ ದನಿ... ಹಾರ್ನ್ ಕೇಳಿಸಿತು. ನಾನು ನನ್ನ ಬಾಯಿಗೆ ಕೈ ಅಡ್ಡ ಹಿಡಿದೆ. ಟೇಪಿನೊಳಗಿನವನು ಕೂಗಿಯೇಬಿಟ್ಟ.