ಬಾಗಲಕೋಟೆಯಲ್ಲಿ ಮಾಯವಾಗುವ ಸಪ್ಪಳ

ಇಂಜಿನ್ ಪೂರ್ತಿ ಬಿಚ್ಚಿಸಿ ಮತ್ತೆ ಕಟ್ಟಿಸಿದ ಮೇಲೆ, ನನ್ನ ಹಳೆಯ ಕಾರು ಇಳಕಲ್ಲಿನ ನಮ್ಮ ಮನೆಯ ಮುಂದೆ ಮೊದಲ ಮುಂಜಾನೆಯೇ ಟಕಟಕ ಎಂದಿತು. ಗುಡೂರಿನ ಶಾಲೆಗೆ ಪಾಠ ಹೇಳಲು ದಿನಾ ಅದರಲ್ಲಿ ಹೋಗುವವಳು ನಾನು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಪ್ಪಳ ಅಡಗುತ್ತಿತ್ತು. ಮರುದಿನ ಮುಂಜಾನೆ ಮತ್ತೆ ಅದೇ ರಾಗ. ನಾನು ಮಗ್ಗದ ಮನೆಯಲ್ಲಿ ಬೆಳೆದವಳು. ಲಾಳಿಯ ಓಟ ಒಂದಿಷ್ಟು ತಪ್ಪಿದರೂ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಒಳಗೆ ಎಲ್ಲೋ ಲೋಹಕ್ಕೆ ಲೋಹ ಬಡಿಯುತ್ತಿದೆ ಎಂದು ಗಂಡನಿಗೆ ಹೇಳಿದೆ. ಗಾಡಿ ಅಂದ ಮೇಲೆ ಸಪ್ಪಳ ಮಾಡದೆ ಹಾಡು ಹೇಳುತ್ತದೇನು ಎಂದು ಅವರು ಪೇಪರಿನ ಹಾಳೆ ತಿರುವಿದರು.

ಇಂಜಿನ್ ಕಟ್ಟಿದ ಮೆಕ್ಯಾನಿಕ್ ಇದ್ದದ್ದು ಬಾಗಲಕೋಟೆಯಲ್ಲಿ. ಒಂದು ಭಾನುವಾರ ಇಬ್ಬರೂ ಹೋದೆವು. ಹುನಗುಂದ ದಾಟುವ ಹೊತ್ತಿಗೇ ಗಾಡಿ ಸಾಧುವಾಗಿತ್ತು. ಗ್ಯಾರೇಜಿನ ಮುಂದೆ ನಿಂತಾಗಲಂತೂ ಉಸಿರೇ ಇಲ್ಲ. ಡಾಕ್ಟರರ ಮುಖ ಕಂಡೊಡನೆ ಹಲ್ಲುನೋವು ಮಾಯವಾಗುವ ಹಾಗೆ. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಆಲಿಸಿದ. ನಾನು ಪಕ್ಕದಲ್ಲೇ ನಿಂತಿದ್ದರೂ ಉತ್ತರ ಕೊಟ್ಟದ್ದು ನನ್ನ ಗಂಡನಿಗೆ.

“ಏನೂ ಇಲ್ರಿ ಸಾಹೇಬ್ರ. ಅಕ್ಕಾರ ಮನಸ್ಸಿಗಿ ಹಚ್ಕೊಂಡಾರ.”

ಆದರೂ ನನ್ನ ಸಮಾಧಾನಕ್ಕೆಂದು ಬಿಸಿ ಇಂಜಿನ್ನಿನ ಮುಚ್ಚಳ ತೆಗೆದು ಟ್ಯಾಪೆಟ್ ಸರಿಮಾಡಿಕೊಟ್ಟ. ವಾಲ್ವುಗಳನ್ನು ಒತ್ತುವ ಕಡೆ ಕೂದಲೆಳೆಯಷ್ಟು ಸಂದು ಬಿಡಬೇಕಂತೆ, ಅದನ್ನು ಅಳೆದು ಬಿಗಿ ಮಾಡುವ ಕೆಲಸ ಅದು. ಮರುದಿನ ಮುಂಜಾನೆ ಇಳಕಲ್ಲಿನಲ್ಲಿ ಟಕಟಕ. ನನಗೆ ಅಳು ಬರುವುದೊಂದು ಬಾಕಿ. ಗಂಡ ಮಾತ್ರ, ತೋರಿಸಬೇಕಾದದ್ದು ಗಾಡಿಯನ್ನಲ್ಲ, ನಿನ್ನ ಕಿವಿಯನ್ನು, ದವಾಖಾನೆಯಲ್ಲಿ ಎಂದರು. ನಗುತ್ತಲೇ ಅಂದರು, ನಿಜ. ಆದರೆ ಆಮೇಲೆ ಮನೆಗೆ ಬಂದವರ ಮುಂದೆಲ್ಲ ಅದನ್ನೇ ಹೇಳತೊಡಗಿದರು. ಅಲ್ಲಿಂದ ಮುಂದೆ ನನಗೆ ಕಾರಿನ ಚಿಂತೆ ಹೋಗಿ, ನನ್ನ ಮಾತಿನ ಚಿಂತೆ ಹತ್ತಿತು.

ಇನ್ನೊಮ್ಮೆ ಬಾಗಲಕೋಟೆಗೆ ಹೋಗಿ ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಬಂದೆ, ಮುಂಜಾನೆ ತಣ್ಣಗಿದ್ದಾಗ ನೋಡಿ ಎಂದು ಸಾರಿ ಸಾರಿ ಹೇಳಿ. ಸಪ್ಪಳ ಇಲ್ಲ ಎಂದು ಗಂಡನಿಗೆ ಫೋನು ಬಂತು. ಬೇಸಿಗೆ ರಜೆ ಶುರುವಾದದ್ದೇ ತಡ, ಗಾಡಿಯನ್ನು ಮತ್ತೆ ಅವನ ಗ್ಯಾರೇಜಿನಲ್ಲಿ ಬಿಟ್ಟು, ನವನಗರದ ತಂಗಿಯ ಮನೆಯಲ್ಲಿ ಉಳಿದು, ಮುಂಜಾನೆ ಅವನು ಶಟರ್ ಎತ್ತುವ ಮೊದಲೇ ಹೋಗಿ ನಿಂತೆ. ಅವನು ಬಂದ, ಲೋಬಾನ ಹಾಕಿದ, ನನ್ನ ಕಾರನ್ನು ಚಾಲೂ ಮಾಡಿದ, ರಸ್ತೆ ದಾಟಿ ಚಹಾಕ್ಕೆ ಹೋದ. ಕಾರು ಟಕಟಕ ಎನ್ನುತ್ತಲೇ ಇತ್ತು. ಓಡಿಹೋಗಿ ಕರೆದೆ. ಅವನು ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದು ಮುಗಿಸಿ ಬರುವಷ್ಟರಲ್ಲಿ ಕಾರು ಗಪ್ಪಾಗಿತ್ತು. ಹಣೆ ಹಣೆ ಚಚ್ಚಿಕೊಂಡೆ. ಯಾಕಪ್ಪಾ ಮೊದಲೇ ಚಾಲೂ ಮಾಡಿದೆ ಎಂದು ಕೇಳಿದೆ.

“ಮುಂಜಾನಿ ಬಂದ್ ಗಾಡಿಗಿ ಪಾನಾ ಹಚ್ಚಬಾರದ್ರಿ ಅಕ್ಕಾರ. ನಮ್ಮ ಉಸ್ತಾದ ಹೇಳ್ಯಾರ, ಒಂದು ಇಂಜಿನ್ ಚಾಲೂ ಆದಮ್ಯಾಲೆನ ಬೋಣಿಗಿ.”

ಅಂದರೆ, ದಿನದ ಮೊದಲ ಇಂಜಿನ್ ಓಡದೆ ಇವನು ಸ್ಪ್ಯಾನರ್ ಹಿಡಿಯುವುದಿಲ್ಲ; ಈ ಗ್ಯಾರೇಜಿನಲ್ಲಿ ನನ್ನ ಗಾಡಿ ತಣ್ಣಗೆ ಅವನ ಕೈಗೆ ಸಿಕ್ಕಿದ್ದೇ ಇಲ್ಲ. ಬೈದರೆ ಉಸ್ತಾದನಿಗೆ ಬೈದಂತೆ. ನಮ್ಮಪ್ಪನೂ ಮಗ್ಗಕ್ಕೆ ಕೈಮುಗಿಯದೆ ಎಳೆ ಮುಟ್ಟಿದವನಲ್ಲ; ನಾನು ಯಾವ ಬಾಯಿಂದ ಬೈಯಲಿ? ಮೂಲೆಯಲ್ಲಿ ಒಂದು ಆಟೋ ನಿಂತಿತ್ತು. ನಾಳೆ ಅದನ್ನು ಚಾಲೂ ಮಾಡಿ ಬೋಣಿಗೆ ಮಾಡಿಕೋ, ನಾನು ಬರುವ ತನಕ ನನ್ನ ಗಾಡಿ ಮುಟ್ಟಬೇಡ ಎಂದೆ. ಅವನು ಯೋಚಿಸಿ, ಅದಕ್ಕೆ ಅಡ್ಡಿಯಿಲ್ಲ ಎಂದ.

ಮರುದಿನ ಆಟೋ ಗುಡುಗಿತು, ಲೋಬಾನದ ಹೊಗೆ ಎದ್ದಿತು. ಆಟೋ ಬಂದ್ ಆದ ಮೇಲೆ ನಾನೇ ನನ್ನ ಕಾರಿನ ಕೀಲಿ ತಿರುವಿದೆ. ಟಕಟಕಟಕ. ಮೆಕ್ಯಾನಿಕ್ ತಲೆ ಎತ್ತಿ ನೋಡಿದ. ತಕ್ಷಣ ಇಂಜಿನ್ ಬಂದ್ ಮಾಡಿಸಿ ಮುಚ್ಚಳ ಬಿಚ್ಚಿದ. ಸಂದು ಅಳೆಯುವ ತಗಡು ಒಂದು ವಾಲ್ವಿನ ಬಳಿ ಸಡಿಲವಾಗಿ ಓಲಾಡಿತು. ಬಿಸಿಗೆ ಲೋಹ ಹಿಗ್ಗಿ ಆ ಸಂದು ಮುಚ್ಚುತ್ತಿತ್ತು. ಅವನು ಸರಿಮಾಡಿದ್ದೆಲ್ಲ ಹಿಗ್ಗಿದ ಮೇಲೆ. ತಣ್ಣಗಿದ್ದಾಗಲೇ ನೋಡಬೇಕಿತ್ತು ಎಂದು ತಾನೇ ಒಪ್ಪಿಕೊಂಡ. ಸ್ಕ್ರೂ ಬಿಗಿದು, ನಟ್ಟು ಕಚ್ಚಿಸಿ, ಮತ್ತೆ ಚಾಲೂ ಮಾಡಿದ. ನುಣ್ಣಗೆ ಓಡಿತು. ಇಷ್ಟೇ ಕೆಲಸ!

ಆಮೇಲೆ ಕೈ ಒರೆಸಿಕೊಂಡು ಫೋನು ತೆಗೆದ. ನನ್ನ ಎದುರಿಗೇ ನಿಂತು ನನ್ನ ಗಂಡನಿಗೆ ಹೇಳಿದ: “ಸಾಹೇಬ್ರ, ಸಪ್ಪಳ ಇತ್ರಿ.”

ಆ ಕಡೆಯಿಂದ ಒಂದು ಮರುಪ್ರಶ್ನೆಯೂ ಬರಲಿಲ್ಲ. ನಾನು ಇಷ್ಟು ದಿನ ಬಾಯಿ ಒಣಗಿಸಿಕೊಂಡದ್ದು ಅವನ ಒಂದೇ ಮಾತಿಗೆ ಮುಗಿದುಹೋಯಿತು. ಅವನು ಫೋನನ್ನು ನನ್ನ ಕೈಗಿತ್ತ.

“ಸಪ್ಪಳ ಖರೇನ ಇತ್ತಂತಲ್ಲ?” ಎಂದರು ಗಂಡ.

“ಹೂಂನ್ರಿ,” ಎಂದೆ, “ಇತ್ತಂತ.”